ಹದಿನಾಲ್ಕನೇ ಡೇರೆ

ಇಪ್ಪತ್ತೊಂದು ವರ್ಷದಿಂದ ಡೇರೆ ಬಾಡಿಗೆಗೆ ಕೊಡುತ್ತೇನೆ
ಪುಯೆರ್ತೊ ನತಾಲೆಸಿನ ದಕ್ಕೆಯ ಹಿಂದಿನ ಓಣಿಯಲ್ಲಿ.
ಜರ್ಮನಿಯವರು, ಕೊರಿಯದವರು, ಸಾಂತಿಯಾಗೊದ ಹುಡುಗರು,
ಬಂದವರಿಗೆಲ್ಲ ಒಂದೇ ಮಾತು, ಮಗ್ಗಿ ಒಪ್ಪಿಸಿದ ಹಾಗೆ:
ಗೂಟ ಎಣಿಸಿಕೊಳ್ಳಿ. ಬೆಂಕಿ ಹಚ್ಚಬೇಡಿ.
ಬುತ್ತಿಚೀಲ ಎತ್ತರಕ್ಕೆ ನೇತುಹಾಕಿ, ಇಲಿಗಳಿವೆ.
ಪಡುವಣದಿಂದ ಹೊರಟು ಮೂಡಣಕ್ಕೆ ನಡೆಯಿರಿ,
ಗಾಳಿ ಬೆನ್ನಿಗಿರಲಿ.

ನೀವು ಹೋಗಿದ್ದೀರಾ ಎಂದು ಯಾರೂ ಕೇಳಿದ್ದಿಲ್ಲ.
ಒಬ್ಬಳು ಕೇಳಿದಳು, ಹೋದ ಮಾರ್ಚಿನಲ್ಲಿ, ರಸೀದಿ ಮಡಿಸುತ್ತ.
"ಬಹಳ ಸಲ," ಅಂದುಬಿಟ್ಟೆ.
ಬಸ್ಸು ನಿಲ್ಲುವ ಗೇಟಿನ ತನಕ ಬಹಳ ಸಲ ಹೋದದ್ದುಂಟು,
ಯಾರೋ ಮರೆತ ಗೂಟದ ಚೀಲ ತಲುಪಿಸಲು.

ಆ ಕಾಡನ್ನು ನಾನು ಕಂಡದ್ದು ಡೇರೆ ಕೊಡವುವಾಗ.
ಹೊಲಿಗೆಯ ಸಂದಿನಿಂದ ಉದುರುವ ಬೂದು ಮರಳು,
ಗರಗಸದಂಚಿನ ಲೆಂಗಾ ಎಲೆ, ಗ್ವಾನಾಕೊ ರೋಮ,
ಒಮ್ಮೆ ಒಂದು ಕಾರ್ಡು:
"ಪ್ರೀತಿಯ" ಎಂದು ಶುರುವಾಗಿ ಅಲ್ಲಿಗೇ ನಿಂತದ್ದು.

ಈಗ ಜುಲೈ. ಐದೂವರೆಗೇ ಕತ್ತಲು.
ಅಡುಗೆಮನೆಯ ಮೇಜಿನ ಮೇಲೆ ನಕ್ಷೆ; ಮೂಲೆ ಸುರುಳದಂತೆ
ಉಪ್ಪು, ಸಕ್ಕರೆ, ಮಾತೆ ಕುಡಿಯುವ ಬುರುಡೆ, ನೋಲ್ಫಾಳ ಕನ್ನಡಕ.
ನೋಲ್ಫಾ ನನ್ನ ನಾದಿನಿ. ಏಡಿಯ ಕಾರ್ಖಾನೆಯಲ್ಲಿ ಕೆಲಸ.
ರಜೆ ಆರೇ ದಿನ, ನವೆಂಬರ್ ಒಂಬತ್ತರಿಂದ ಹದಿನಾಲ್ಕು;
ಏಳನೆಯದು ಕೇಳಿದ್ದಕ್ಕೆ ಮೇಸ್ತ್ರಿ ಗಡಿಯಾರ ನೋಡಿದನಂತೆ.

ಹಿಮನದಿಯ ಬೀಡು ಒಂಬತ್ತಕ್ಕೆ ಭರ್ತಿ. ಹತ್ತಕ್ಕೆ ಭರ್ತಿ.
ಹದಿಮೂರಕ್ಕೆ ಒಂದು ಕಟ್ಟೆ ಖಾಲಿ.
ಗೋಪುರಗಳ ಬುಡದಲ್ಲಿ ಮೊದಲ ರಾತ್ರಿ ಮಾತ್ರ ಜಾಗ,
ನಡುವಿನ ಕಣಿವೆಯಲ್ಲಿ ಹನ್ನೊಂದಕ್ಕೆ, ಅದೂ ಇಳಿಜಾರು.
ನೋಲ್ಫಾ ಡಬ್ಬಿಯಿಂದ ಐದು ಬೀನ್ಸ್ ಕಾಳು ತೆಗೆದಳು,
ರಾತ್ರಿಗೊಂದು. ಇಟ್ಟಳು, ಸರಿಸಿದಳು, ಮತ್ತೆ ಇಟ್ಟಳು.
ಹೇಗೆ ಜೋಡಿಸಿದರೂ ಸಾಲು
ಮೂಡಣದಿಂದ ಪಡುವಣಕ್ಕೇ ತಿರುಗುತ್ತದೆ.

ಅಂದರೆ ಆರೂ ದಿನ ಗಾಳಿ ಮುಖಕ್ಕೆ.

ಅವಳು ನನ್ನನ್ನು ನೋಡಿದಳು. ನಾನು ಕಿಟಕಿ ನೋಡಿದೆ.
"ಗಿರಾಕಿಗಳಿಗೆ ಗೊತ್ತಾಗದಿದ್ದರೆ ಸಾಕು," ಅಂದಳು,
ನಕ್ಕೆವು, ಮೂಗಿನಲ್ಲಿ ಮಾತೆ ಬರುವಷ್ಟು.

ಆಮೇಲೆ ತೂಕದ ಜಗಳ.
ಮೀನಂಗಡಿಯಿಂದ ಕಡ ತಂದ ತಕ್ಕಡಿ ಸುಳ್ಳಾಡುವುದಿಲ್ಲ:
ಅವಳ ಫ್ಲಾಸ್ಕು ಒಂದು ಕಿಲೋ ನೂರು, ನೀರಿಲ್ಲದೆಯೇ.
ನಾನು ಎರಡನೇ ಸ್ವೆಟರ್ ಬಿಟ್ಟೆ,
ಅವಳು ಪೀಚ್ ಹಣ್ಣಿನ ಡಬ್ಬಿ ಬಿಟ್ಟಳು.
ಮರುದಿನ ಚೀಲ ಎತ್ತಿ ನೋಡಿದೆ. ಡಬ್ಬಿ ಮರಳಿತ್ತು.
ಸುಮ್ಮನಿದ್ದೆ; ಸ್ವೆಟರೂ ಮರಳಿತ್ತಲ್ಲ.

ಡೇರೆಗಳು ಹದಿನಾರು. ಹೊಸ ಮೂರಕ್ಕೆ ನವೆಂಬರಿಗೇ ಮುಂಗಡ ಬಂದಿದೆ,
ಚಳಿಗಾಲದ ಗ್ಯಾಸಿನ ಸಾಲ ತೀರುವುದು ಅದರಿಂದಲೇ.
ಉಳಿದದ್ದರಲ್ಲಿ ಹದಿನಾಲ್ಕನೆಯದನ್ನು ಆರಿಸಿದೆ.
ಏಳು ತೇಪೆ. ಇದು ಯಾರದೋ ಒಲೆ ತಾಗಿದ್ದು,
ಇದು ಇಲಿ, ಇದು ಪ್ರೇಮಿಗಳ ಜಗಳವಿರಬೇಕು, ಜಿಪ್ಪೇ ಕಿತ್ತು ಬಂದಿತ್ತು.
ಈ ಉದ್ದದ್ದು ಮಾತ್ರ ಗಾಳಿಯದು:
ಹರಿಯಲು ಅದಕ್ಕೆ ಗಳಿಗೆ, ಹೊಲಿಯಲು ನನಗೆ ಆಗಸ್ಟ್ ಪೂರ್ತಿ.
ಅದು ತಡೆಯುತ್ತದೋ ಇಲ್ಲವೋ,
ಒಳಗೆ ಮಲಗಿ ಕೇಳಬೇಕು ಒಮ್ಮೆಯಾದರೂ.

ಬಾಡಿಗೆಯ ಪುಸ್ತಕ ತೆರೆದು ಬರೆದೆ:
ಎದುವಿಹಿಸ್ ಮನ್ಸಿಲ್ಲಾ. ಡೇರೆ ೧೪. ಗೂಟ ಹನ್ನೆರಡು.
ಠೇವಣಿಯ ಸಾಲಿನಲ್ಲಿ ಗೀಟು.
"ಮೊದಲು ಹೋಗಿದ್ದುಂಟೇ?" ನಾನೇ ಹಾಕಿಸಿದ ಕಲಮು.
ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.
ಇಲ್ಲ, ಎಂದು ಬರೆದೆ, ದಪ್ಪಕ್ಷರದಲ್ಲಿ.

ಮಾಡಿನ ತಗಡು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.
ನೋಲ್ಫಾ ನಕ್ಷೆ ಮಡಿಸುವ ಮೊದಲು
ಕಾಳುಗಳಿದ್ದ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟೆ.
ನಾಳೆಯ ಸಾರಿಗೆ ಬೇಕು ಅವು.