ಗೆರೆ ಉಳಿಸಿ ಕೊಯ್ಯುವುದು

ಬಡಗಿ ನಾನಲ್ಲ, ಅವಳು.
ಮೂವತ್ತೊಂದು ವರ್ಷ ನಾನು ಸಾರೆಮಾ ದ್ವೀಪಕ್ಕೆ
ಕಾರು ಸಾಗಿಸುವ ಹಡಗಿನ ಹೊಟ್ಟೆಯೊಳಗೆ ನಿಂತು
ಕೈಸನ್ನೆ ಮಾಡುತ್ತಿದ್ದವನು:
ಬಾ, ಬಾ, ಇನ್ನೂ ಬಾ, ಸಾಕು.
ಕಾರಿಗೂ ಕಾರಿಗೂ ನಡುವೆ ನಾಲ್ಕೇ ಬೆರಳು.
ಹೆಲ್ಯು ನಗುತ್ತಿದ್ದಳು:
‘ಮರ ಹಾಗಲ್ಲ ಎಲ್ಮಾರ್,
ಅದಕ್ಕೆ ರಿವರ್ಸ್ ಗೇರ್ ಇಲ್ಲ.’

ಮಾರ್ಚ್ ತಿಂಗಳಲ್ಲಿ ಹೋದಳು.
ದಡದುದ್ದಕ್ಕೂ ಇನ್ನೂ ಮಂಜುಗಡ್ಡೆ.
ಶವಪೆಟ್ಟಿಗೆ ಅಂಗಡಿಯದು;
ಅವಳು ನೋಡಿದ್ದರೆ ಮೂಲೆಯ ಸೇರುವೆಗೆ ಬೆರಳಿಟ್ಟು
‘ಬರೀ ಮೊಳೆ’ ಎಂದು ಮೂಗು ಮುರಿಯುತ್ತಿದ್ದಳು.
ಪಾದ್ರಿ ಮಾತಾಡುವಷ್ಟು ಹೊತ್ತೂ
ನನ್ನ ತಲೆಯಲ್ಲಿ ಆ ಮೊಳೆಗಳೇ.

ಮೇ ತನಕ ಶೆಡ್ಡಿನ ಬಾಗಿಲು ತೆಗೆಯಲಿಲ್ಲ.
ತೆಗೆದದ್ದೂ ಮರಕ್ಕಲ್ಲ,
ಆಲೂಗಡ್ಡೆ ನೆಡಲು ಸಲಿಕೆ ಬೇಕಿತ್ತು.
ಗೋಡೆಗೆ ಸಾಲಾಗಿ ಆರು ಉಳಿ.
ಉಳಿದಂತೆ ಎಲ್ಲ ಜೇಡನದು.
ಬೆಂಚಿನ ಮೇಲೆ ಒಂದು ಜೂನಿಪರ್ ಹಲಗೆ,
ಅದರ ಮೈಮೇಲೆ ಅವಳ ಪೆನ್ಸಿಲ್:
ಮೂವತ್ತೇಳು. ಅದನ್ನು ಹೊಡೆದುಹಾಕಿ ಮೂವತ್ತೆಂಟು.
ಪಕ್ಕದಲ್ಲಿ ಮೂಲೆಮಟ್ಟ ಹಿಡಿದು ಎಳೆದ ಒಂದು ಗೆರೆ.
ಯಾವುದರ ಅಳತೆಯೋ.
ದಿನಸಿ ಚೀಟಿ, ಮಾತ್ರೆಯ ಚೀಟಿ ಎಲ್ಲ ಎಸೆದಿದ್ದೆ;
ಇದು ಒಲೆಯ ಬಾಯಿವರೆಗೆ ಹೋಗಿ ವಾಪಸು ಬಂತು.

ಫ್ರೇಮು ಹಾಕಿಸಿ ತೂಗುಹಾಕಪ್ಪ, ಅಂದಳು ಮಗಳು.
ಕೊಯ್ಯಿ, ಅಂದಳು ಹೆಲ್ಯುವಿನ ಅಕ್ಕ ವೈಕೆ,
ಕೊಯ್ಯಲೆಂದೇ ಅಲ್ಲವೆ ಎಳೆದದ್ದು?
ಆದರೆ ಗೆರೆಯ ಮೇಲಲ್ಲ, ಅದರಾಚೆ, ಬೇಡದ ಕಡೆ.
ಗರಗಸಕ್ಕೂ ಒಂದು ದಪ್ಪವಿದೆ, ಹಸಿವಿದೆ,
ಅದು ತಿನ್ನುವುದಾದರೆ ಎಸೆಯುವ ತುಂಡನ್ನು ತಿನ್ನಲಿ.
ಗೆರೆ ಉಳಿಸಿ ಕೊಯ್ಯಬೇಕು.

ಅಷ್ಟು ಕಲಿಯಲು ಒಂಬತ್ತು ವಾರ.
ಸೇಬಿನ ಪೆಟ್ಟಿಗೆಗಳ ಪೈನ್ ಹಲಗೆಯನ್ನೆಲ್ಲ
ಇಲಿ ಕಡಿದಂತೆ ಕೊಯ್ದು ಗುಡ್ಡೆ ಹಾಕಿದೆ.
ಗರಗಸ ಎಡಕ್ಕೆ ವಾಲುತ್ತದೆ ಎಂದುಕೊಂಡಿದ್ದೆ;
ವಾಲುತ್ತಿದ್ದವನು ನಾನು.
ಉಳಿ ಹೆಬ್ಬೆರಳಿನ ರುಚಿ ನೋಡಿತು.
ಪಟ್ಟಿ ಸುತ್ತುತ್ತ ಔಷಧಿ ಅಂಗಡಿಯ ಹುಡುಗಿ:
‘ಏನು ಮಾಡುತ್ತಿದ್ದೀರಿ?’
‘ಸ್ಟೂಲು.’
‘ಎಷ್ಟಾಯಿತು?’
‘ಒಂದು ಕಾಲು.’

ಆಗಸ್ಟಿನ ಒಂದು ಬುಧವಾರ, ಹೇಳದೆ ಕೇಳದೆ,
ಕೀಸುಳಿಯ ಬಾಯಿಂದ ಸುರುಳಿಯೊಂದು ಎದ್ದು ಬಂತು,
ಹಲಗೆಯ ಈ ತುದಿಯಿಂದ ಆ ತುದಿಗೆ, ಎಲ್ಲೂ ತುಂಡಾಗದೆ,
ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ.
ಹಸಿಮೆಣಸಿನ ಕಾಳಿನಂಥ, ಜಿನ್ನಿನಂಥ,
ಸೌನಾದಿಂದ ಬಂದ ಅವಳ ಕೂದಲಿನಂಥ ವಾಸನೆ.
ಮತ್ತೊಂದು ಎಳೆದೆ. ಮತ್ತೊಂದು.
ಗಂಟು ಸಿಕ್ಕಿತು, ಕೀಸುಳಿ ತಡವರಿಸಿತು.
ಶಾಲೆಯ ಮಕ್ಕಳಿಗೆ ಅವಳು ಹೇಳುತ್ತಿದ್ದುದು:
ಗಂಟು ಐಬಲ್ಲ ಕಣ್ರೋ,
ಅಲ್ಲೊಂದು ಕೊಂಬೆ ಇತ್ತು, ಅಷ್ಟೆ.
ತಿರುಗಿಸಿ ಆ ಕಡೆಯಿಂದ ಬಂದೆ.
ಊಟದ ಹೊತ್ತು ಯಾವಾಗಲೋ ಮೀರಿತ್ತು,
ನಾನು ಶಿಳ್ಳೆ ಹಾಕುತ್ತಿದ್ದೆ.

ಕಿವಿಗೆ ಬಿದ್ದೊಡನೆ ನಿಲ್ಲಿಸಿದೆ,
ಯಾರದೋ ಮನೆಯಲ್ಲಿ ಸಿಕ್ಕಿಬಿದ್ದವನಂತೆ
ಬಾಗಿಲ ಕಡೆ ನೋಡಿದೆ.
ಬೆಕ್ಕು.
ಎರಡು ನಿಮಿಷ ಬಿಟ್ಟು
ಬಿಟ್ಟಲ್ಲಿಂದಲೇ ರಾಗ ಹಿಡಿದೆ.

ಆಮೇಲೆ ಆ ಹಲಗೆ ಕೊಯ್ದೆ.
ಟೇಪು ಹಿಡಿದು ಇಡೀ ಮನೆ ಅಳೆದೆ,
ಕಿಟಕಿ, ಕಪಾಟು, ಅವಳ ಹೊಲಿಗೆ ಮೇಜಿನ ಅಡಿ;
ಮೂವತ್ತೆಂಟು ಎಲ್ಲೂ ಇಲ್ಲ.
ಹೋಗಲಿ, ಎಂದು ಅದಕ್ಕೇ ಹೊಂದುವ
ಒಂದು ಪೆಟ್ಟಿಗೆ ಕಟ್ಟುತ್ತಿದ್ದೇನೆ.
ಮೂರು ಬದಿ ಆಗಿದೆ, ಒಂದು ಸ್ವಲ್ಪ ಕುಡಿದಂತಿದೆ.
ಮೊಳೆ ಇಲ್ಲ.
ಅಂಚಿನಲ್ಲಿ ಅರ್ಧ ಕೂದಲೆಳೆಯಷ್ಟು ಪೆನ್ಸಿಲ್ ಇದೆ,
ಮರಳುಕಾಗದ ಅಲ್ಲಿಗೆ ಹೋಗುವುದಿಲ್ಲ.

ಒಳಗೇನಿಡುತ್ತೀ, ಅಂದಳು ವೈಕೆ.
ಬೆಣ್ಣೆ ಸವರುವ ಚಾಕು, ಅಂದೆ.
ಏಳು ಮಾಡಿದ್ದೇನೆ.
ಎರಡಕ್ಕೆ ಬೆಣ್ಣೆ ಅಂಟುತ್ತದೆ.