ಒಂಬತ್ತನೆಯ ವಿನಾಯಿತಿ

ಮಾಹಿತಿ ಕೊಡಬೇಕೆನ್ನುವ ಕಾಯಿದೆಯಲ್ಲಿ
ಕೊಡದಿರಲು ಒಂಬತ್ತು ವಿನಾಯಿತಿಗಳು.
ಮೊದಲನೆಯದಕ್ಕೆ ಸೈನ್ಯದ ಕಾವಲು,
ಆರನೆಯದು ಯಾರದೋ ಮಾನ ಕಾಯುತ್ತದೆ,
ನಡುವಿನವು ದಿನಬೆಳಗಾದರೆ ನೊಗಕ್ಕೆ ಹೆಗಲು ಕೊಡುವ ಎತ್ತುಗಳು.
ಒಂಬತ್ತನೆಯದು ಮಾತ್ರ
ಯಾರೂ ಮಾತಾಡಿಸದ ನೆಂಟನಂತೆ ಮೂಲೆಯಲ್ಲಿ.
ಅದು ಬಾವಿಗಳ ಬಗ್ಗೆ:
ನೆಲದೊಳಗಿನ ವಿವರ, ನಕ್ಷೆಗಳೂ ಸೇರಿ.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಲೋವೆಲ್ ಟ್ವೇಟ್
ಒಮ್ಮೆಯೂ ಅದನ್ನು ಬಳಸಿದ್ದಿಲ್ಲ.

ವಯೋಮಿಂಗಿನ ಉತ್ತರಕ್ಕೆ, ಬೇಲಿ ಮುಗಿದು
ಗಾಳಿಯೊಂದೇ ಉಳಿಯುವ ಕಡೆಯಿಂದ
ಗ್ರಾಸ್ಯೆನ್ ಎಚೆಬೆರಿ ಅರ್ಜಿ ಬರೆದಳು.
ಕುರಿಲೆಕ್ಕದ ಪುಸ್ತಕದ ಹಾಳೆ, ಹರಿದ ಅಂಚು ಹಾಗೆಯೇ:

"ಗಂಡನ ಅಜ್ಜ ಬಾಸ್ಕ್ ನಾಡಿನಿಂದ ಬಂದು
ಕೈಯಲ್ಲೇ ತೋಡಿದ ಬಾವಿ.
ಹೋದ ಮಾರ್ಚ್ ಹದಿನೇಳರವರೆಗೆ ಸಿಹಿ ಇತ್ತು.
ಆಮೇಲೆ ಕುರಿಗಳು ತೊಟ್ಟಿಯ ತನಕ ಬಂದು
ಮೂಸಿ, ಹಿಂದಕ್ಕೆ ತಿರುಗಿದವು.
ಗುಡ್ಡದಾಚೆ ಗ್ಯಾಸ್ ಕಂಪನಿ ಕೊರೆದದ್ದು ಎಷ್ಟು ಆಳ,
ಒಳಗೆ ಹೊಯ್ದದ್ದು ಏನು,
ನೋಡಲು ಬಂದ ನಿಮ್ಮ ಸಾಹೇಬ ಬರೆದುಕೊಂಡದ್ದು ಏನು?
ತುಂಬ ಬರೆದುಕೊಂಡ, ನಾನು ನೋಡುತ್ತಿದ್ದೆ.
ಹೊರಡುವಾಗ ಒಂದು ಲೋಟ ನೀರು ಕೊಟ್ಟೆ.
ಕುಡಿಯಲಿಲ್ಲ."

ಇಪ್ಪತ್ತು ಕೆಲಸದ ದಿನ, ಎನ್ನುತ್ತದೆ ಕಾಯಿದೆ.
ಹನ್ನೊಂದು ತಿಂಗಳಾಯಿತು.

ಲೋವೆಲ್ ಕೆಟ್ಟವನಲ್ಲ.
ಮನೆಯಿಂದ ಊಟದ ಡಬ್ಬಿ ತರುತ್ತಾನೆ,
ಪಕ್ಕದ ಮೇಜಿನವಳು ರಜೆ ಹಾಕಿದರೆ
ಅವಳ ಗಿಡಕ್ಕೂ ನೀರು ಹಾಕುತ್ತಾನೆ.
ಮಸಿ ಬಳಿಯುವುದು ಈಗ ಸಲೀಸು,
ಮೌಸ್ ಎಳೆದರೆ ಸಾಲು ಕಪ್ಪು, ಕೈಗೆ ಅಂಟುವುದಿಲ್ಲ.
ಆಳ: ಒಂಬತ್ತು.
ಹೊಯ್ದದ್ದು: ನಾಲ್ಕು, ವ್ಯಾಪಾರದ ಗುಟ್ಟು.
ಸಾಹೇಬನ ಅಭಿಪ್ರಾಯ: ಐದು, ಇಲಾಖೆಯೊಳಗಿನ ಮಾತು.
ಸಾಹೇಬನ ಹೆಸರು: ಆರು.
ಅವಳ ಹೆಸರಿನ ಮೇಲೂ ಕೈ ಹೋಗಿತ್ತು, ಅಭ್ಯಾಸಬಲ;
ತಡೆದುಕೊಂಡ.

ಕಳಿಸಿದ್ದು ನಲವತ್ತೊಂದು ಪುಟ.
ಮೂವತ್ತೆಂಟು ಅಮಾವಾಸ್ಯೆ.

ನಮ್ಮಲ್ಲಿ ಕಡತವೆಂದರೆ ಹಿಂದೆ ಬಟ್ಟೆ.
ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಳಿದು,
ಒಣಗಿಸಿ, ಮಡಿಸಿಟ್ಟದ್ದು.
ಅದರ ಮೇಲೆ ಬಿಳಿ ಬಳಪದಲ್ಲಿ
ಕೊಟ್ಟದ್ದು, ಕೊಂಡದ್ದು, ಬಾಕಿ.
ಕಾಣಲೆಂದೇ ಕಪ್ಪು.

ಇದೆಲ್ಲ ಗ್ರಾಸ್ಯೆನ್‌ಗೆ ಗೊತ್ತಿರುವುದು ಹೇಗೆ?
ಆದರೂ ಅವಳು ಅಡಿಗೆಮನೆಯ ಮೇಜಿನ ತುಂಬ ಹಾಳೆ ಹರಡಿ,
ಕುರಿಗೆ ಗುರುತು ಹಾಕುವ ಬಿಳಿ ಮೇಣದ ಬಳಪ ಹುಡುಕಿ,
ಪಟ್ಟಿ ಪಟ್ಟಿಯ ಮೇಲೂ ತನಗೆ ಗೊತ್ತಿದ್ದುದನ್ನು ಬರೆದಳು.
ಆಳದ ಮೇಲೆ: ಅರವತ್ತು ಅಡಿ, ಕೊನೆಯ ಹತ್ತು ಬರೀ ಬಂಡೆ.
ಗುಟ್ಟಿನ ಮೇಲೆ: ಸೀಮೆಎಣ್ಣೆ ನಾತ, ಬಿಸಿ ಮಾಡಿದರೆ ಕೊಳೆತ ಮೊಟ್ಟೆ.
ಹೆಸರಿನ ಮೇಲೆ: ಬೂದು ಟೋಪಿ, ಎಡಗೈಯವನು, ಬೂಟು ಹೊಸದು.
ಒಂದಿಡೀ ಪುಟ ಕಪ್ಪಾಗಿದ್ದಲ್ಲಿ
ಏನು ಬರೆಯಬೇಕೋ ತಿಳಿಯದೆ
ಸತ್ತ ಏಳು ಕುರಿಗಳ ಓಲೆ ಸಂಖ್ಯೆ.

ಮೇಲ್ಮನವಿಯೆಂದು ಅವೆಲ್ಲ ವಾಪಸು ಬಂದವು,
ಜತೆಗೆ ಮೆಣಸಿನಕಾಯಿ ಹಾಕಿಡುವ ಗಾಜಿನ ಜಾಡಿ,
ಮುಚ್ಚಳದ ಸುತ್ತ ಮೇಣ,
ಒಳಗೆ ನೀರು.
ಟಪ್ಪಾಲಿನ ಹುಡುಗ ಕೇಳಿದ:
ಇದಕ್ಕೆ ಸೀಲು ಎಲ್ಲಿ ಒತ್ತಲಿ?

ಲಗತ್ತಾಗಿ ಬಂದದ್ದೆಲ್ಲ ನಮೂದಾಗಬೇಕು.
ಲೋವೆಲ್ ಜಾಡಿಯನ್ನು ಕಿಟಕಿಗೆ ಹಿಡಿದ.
ಕದಡಿದ್ದು ಮೆಲ್ಲಗೆ ತಳ ಸೇರಲು
ಅರ್ಧ ದಿನ ಹಿಡಿಯಿತು, ಕೆಲಸದ ದಿನವೇ.
ಪುಟಗಳ ಸಂಖ್ಯೆ ಎಂಬಲ್ಲಿ ಒಂದು ಎಂದು ಬರೆದು,
ಹೊಡೆದುಹಾಕಿ, ಮತ್ತೆ ಒಂದು ಎಂದೇ ಬರೆದ.
ಪಕ್ಕದ ಕಲಮು: ಅನ್ವಯಿಸುವ ವಿನಾಯಿತಿ.
ಪೆನ್ನು ಅಲ್ಲೇ ನಿಂತಿತು.

ಪಕ್ಕದ ಮೇಜಿನವಳು ಇವತ್ತೂ ರಜೆ, ಗಿಡ ಬಾಡಿದೆ.
ಎದ್ದು ನಲ್ಲಿಯ ಕಡೆ ಹೋದ,
ಹೋಗುವ ಮುಂಚೆ ಜಾಡಿಯನ್ನು
ಗಿಡದಿಂದ ಕೊಂಚ ಆಚೆ ಸರಿಸಿ.