ಹಾಜರಿ

ಗೋಣಿಕೊಪ್ಪದ ಲ್ಯಾಬಿನಿಂದ ಫೋನು: ಇವತ್ತು ನಾನ್ನೂರು.
ಪಾಲಿಬೆಟ್ಟದ ತೋಟದಲ್ಲಿ ಇಪ್ಪತ್ತಾರು ವರ್ಷ
ರೈಟರಾಗಿ ಹಾಜರಿ ಬರೆದವನು ನಾನು.
ಆಳು ಬಾರದ ಬೆಳಿಗ್ಗೆ ಹೇಗಿರುತ್ತದೆಂದು ಗೊತ್ತು:
ಹಣ್ಣು ಗಿಡದಲ್ಲೇ ಕಪ್ಪಾಗುತ್ತದೆ,
ಗೇಟು ತೆರೆದೇ ಇರುತ್ತದೆ,
ಯಾರು ಬೇಕಾದರೂ ಒಳಗೆ ಬರಬಹುದು.

ಮೈಸೂರಿನ ಡಾಕ್ಟರು ಹೇಳಿದ್ದೂ ಅದನ್ನೇ.
ಕೆಟ್ಟ ರಕ್ತಕ್ಕೆ ಕೊಟ್ಟ ಔಷಧಿ
ಕಾವಲಿನ ಬಿಳಿ ಕಣಗಳನ್ನೂ ಮಲಗಿಸಿದೆ,
ಕಳೆಗೆ ಹೊಡೆದ ಮದ್ದು
ಮೆಣಸಿನ ಬಳ್ಳಿಗೂ ತಾಗಿದ ಹಾಗೆ.

ಈಗ ಬೊಳ್ಳಮ್ಮ ಹಸಿ ಚಟ್ನಿ ಅರೆಯುವುದಿಲ್ಲ.
ಕಡಂಬುಟ್ಟು ಹಬೆಯಿಂದ ನೇರ ತಟ್ಟೆಗೆ,
ನಿನ್ನೆಯ ಸಾರು ನಾಯಿಗೆ.
ನಾಯಿ ಕಿಟಕಿಯಾಚೆ ಕೂತು
ತನ್ನ ತಪ್ಪೇನೆಂದು ನನ್ನನ್ನೇ ನೋಡುತ್ತದೆ.
ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಐದು ಸೂಜಿಮದ್ದು;
ಕರೆಂಟು ಹೋದರೆ ಅವಳು ಮೊದಲು ಓಡುವುದು ಅಲ್ಲಿಗೆ.
ಸಂಜೆ ಆರಕ್ಕೆ ನನ್ನ ಹೊಟ್ಟೆ ಚಿವುಟಿ ಚುಚ್ಚುತ್ತಾಳೆ,
ಕೋಳಿ ಕೊಯ್ಯಲೂ ನನ್ನನ್ನೇ ಕರೆಯುತ್ತಿದ್ದವಳು.
ರಾತ್ರಿ ಸೊಂಟದ ಮೂಳೆಯೊಳಗೆ ನೋವು:
ಯಾರೋ ಲೈನ್‌ಮನೆಗಳ ಕದ ಬಡಿದು
ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದಾರೆ.

ಮೊನ್ನೆಯ ಮಳೆಗೆ ತೋಟ ಹೂ ಬಿಟ್ಟಿದೆಯಂತೆ.
ಹೂವು ಮಣ್ಣು ಹತ್ತಿರ ಬೇಡ ಅಂದಿದ್ದಾರೆ.
ಪರಿಮಳದ ಬಗ್ಗೆ ಏನೂ ಹೇಳಿಲ್ಲ.
ನಾನೂ ಕೇಳಲು ಹೋಗಿಲ್ಲ.

ಮಧ್ಯಾಹ್ನ ಚೋಮಿ ಬಂದಳು.
ಅಂಗಳದ ತುದಿಯಲ್ಲೇ ನಿಂತಳು, ಮೂಗಿಗೆ ಸೆರಗು,
ಕೈಯಲ್ಲಿ ಬಾಟಲಿ ತುಂಬ ಕಾಡುಜೇನು.
ಹಸಿ ಜೇನು ನನಗೀಗ ಕೂಡದು; ಹೇಳಲಿಲ್ಲ.
‘ಒಳಗೆ ಎಷ್ಟು ಆಳು ಬಂದಿದೆ, ರೈಟರೇ?’
‘ನಾನ್ನೂರು.’
‘ಅಯ್ಯೋ, ನಮ್ಮ ತೋಟಕ್ಕೆ ಅಷ್ಟು ಆಳು ಯಾವತ್ತು ಬಂದಿತ್ತು!’
ಮಾಸ್ಕು ಒದ್ದೆಯಾಗುವಷ್ಟು ನಕ್ಕೆ.

ಅವಳು ಹೋದ ಮೇಲೆ ನೆನಪಾಯಿತು.
ಯಾವುದೋ ವರ್ಷ, ಕೊಯ್ಲಿನ ನಡುವೆ,
ಮಗುವಿಗೆ ಜ್ವರವೆಂದು ಚೋಮಿ
ಬುಟ್ಟಿ ಇಟ್ಟು ಸಿದ್ದಾಪುರಕ್ಕೆ ಓಡಿದ್ದಳು.
ಎರಡು ಗಂಟೆ ಕೊಯ್ದಿದ್ದಳು. ನಾನು
‘ಗೈರು’ ಎಂದು ಬರೆದೆ, ಕೆಂಪು ಶಾಯಿಯಲ್ಲಿ.
ಜ್ವರ ಎಷ್ಟೆಂದು ಕೇಳಲಿಲ್ಲ.

ಈಗ ನಾಲ್ಕು ಗಂಟೆಗೊಮ್ಮೆ ನಾಲಿಗೆಯಡಿ ಥರ್ಮಾಮೀಟರ್.
ನೂರು ಪಾಯಿಂಟ್ ನಾಲ್ಕು ಮುಟ್ಟಿದರೆ
ಮಾತ್ರೆ ನುಂಗಿ ಬೆಳಗಿಗೆ ಕಾಯಬೇಡಿ,
ನಡುರಾತ್ರಿಯಾದರೂ ಹೊರಡಿ, ಅಂದಿದ್ದಾರೆ.
ಜೀಪು ರಸ್ತೆಗೆ ಮುಖ ಮಾಡಿ ನಿಂತಿದೆ.
ತಿತಿಮತಿಯಲ್ಲಿ ಆನೆ ಅಡ್ಡ ನಿಂತರೆ? ಎನ್ನುತ್ತಾಳೆ ಬೊಳ್ಳಮ್ಮ.
ನಿಂತರೆ ನಾವೂ ನಿಲ್ಲುವುದು, ಎನ್ನುತ್ತೇನೆ,
ಧೈರ್ಯವಿದ್ದವನ ಹಾಗೆ.

ತೊಂಬತ್ತೊಂಬತ್ತು ಪಾಯಿಂಟ್ ಒಂದು.
ನನ್ನ ಹಳೇ ಹಾಜರಿ ಪುಸ್ತಕದ ಉಳಿದ ಹಾಳೆಯಲ್ಲಿ
ಅವಳು ಬರೆದುಕೊಳ್ಳುತ್ತಾಳೆ.
ಹಿಂದಿನ ಹಾಳೆಗಳನ್ನು ತಿರುಗಿಸಬೇಡ, ಎನ್ನುತ್ತೇನೆ.
ಯಾಕೆ ಎಂದು ಕೇಳದೆ
ಜೇನಿನ ಬಾಟಲಿಯನ್ನು ಮೇಲಿನ ಕಪಾಟಿಗೆ ಏರಿಸುತ್ತಾಳೆ:
‘ಇರಲಿ. ಇದು ಕೆಡುವುದಿಲ್ಲ.’